ಓಡೂ ವ್ಯಾಪಾರ ಸಾಫ್ಟ್‌ವೇರ್: ಉಚಿತ ಆವೃತ್ತಿ ಸಾಕಾ, ದುಡ್ಡು ಕೊಟ್ಟು ಎಂಟರ್‌ಪ್ರೈಸ್ ತಗೋಬೇಕಾ? (ಶಿರಸಿ, ಅಡಿಕೆ ವ್ಯಾಪಾರ)

ಮಂಡಿಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮದು ಅಡಿಕೆ, ಕಾಳುಮೆಣಸು ಖರೀದಿ ವ್ಯಾಪಾರ. ಅಪ್ಪ ಶುರು ಮಾಡಿದ್ದು. ಈಗ ನಾನು ಮತ್ತು ತಮ್ಮ ನೋಡಿಕೊಳ್ಳುತ್ತೇವೆ. ಬೇಸಿಗೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಹಾಕಿ ಮಾರುತ್ತೇವೆ. ಒಟ್ಟು 12 ಜನ ಇದ್ದೇವೆ, ಕಂಪ್ಯೂಟರ್ ಮುಂದೆ ಕೂರುವವರು 5. ವಹಿವಾಟು ವರ್ಷಕ್ಕೆ 5 ಕೋಟಿಗಿಂತ ಕಡಿಮೆ.

ಈಗ ಲೆಕ್ಕ ಟ್ಯಾಲಿಯಲ್ಲಿದೆ, ಸ್ಟಾಕ್ ಎಕ್ಸೆಲ್‌ನಲ್ಲಿದೆ, ರೈತರ ಮುಂಗಡ ಕೆಂಪು ರಟ್ಟಿನ ಪುಸ್ತಕದಲ್ಲಿದೆ. ನಿಜವಾದ ತೊಂದರೆ ಇರುವುದು ಗೋದಾಮಿನಲ್ಲಿ. ರೈತರಿಂದ ತಂದ ಒಂದು ಲಾಟ್ ಆಯ್ದ ಮೇಲೆ ಚಾಲಿ, ಬಿಳಿಗೋಟು, ಕೋಕಾ ಅಂತ ಮೂರು ದರ್ಜೆಯಾಗುತ್ತದೆ. ತೂಕವೂ ಇಳಿಯುತ್ತದೆ. 10 ಕ್ವಿಂಟಲ್ ಒಳಗೆ ಬಂದರೆ ಮೂರೂ ಸೇರಿ 10 ಆಗುವುದಿಲ್ಲ. ಯಾವ ಲಾಟ್‌ನಲ್ಲಿ ಎಷ್ಟು ಇಳಿಯಿತು ಅನ್ನುವ ಲೆಕ್ಕ ತಮ್ಮನ ತಲೆಯಲ್ಲಿ ಮಾತ್ರ ಇದೆ. ಹೋದ ತಿಂಗಳು ಅವನು ಜ್ವರ ಬಂದು ನಾಲ್ಕು ದಿನ ಮಲಗಿದ. ಆ ನಾಲ್ಕು ದಿನ ಯಾವ ಚೀಲ ಯಾರದ್ದು ಅಂತ ನನಗೆ ತಿಳಿಯಲೇ ಇಲ್ಲ. ಕೊಳ್ಳಲು ಬಂದವರನ್ನು ವಾಪಸ್ ಕಳಿಸಿದೆ.

ಹುಬ್ಬಳ್ಳಿಯಿಂದ ಒಬ್ಬರು ಬಂದು ಓಡೂ ತೋರಿಸಿದರು. ಚೆನ್ನಾಗಿದೆ. ಆದರೆ 8 ಜನರ ಎಂಟರ್‌ಪ್ರೈಸ್ ಲೈಸೆನ್ಸ್‌ಗೆ ಕೊಟೇಶನ್ ಕೊಟ್ಟಿದ್ದಾರೆ. ಕಮ್ಯೂನಿಟಿ ಆವೃತ್ತಿ ಪೂರ್ತಿ ಉಚಿತ ಅಂತ ಓದಿದೆ. ಕೇಳಿದರೆ "ಅದು ಆಟಕ್ಕೆ ಮಾತ್ರ ಸರ್" ಅಂದರು. ಹೌದಾ? ಬಳಸಿ ಗೊತ್ತಿದ್ದವರು ಹೇಳಿ.

ಕೋಡ್_ಯಲ್ಲಾಪುರ

ಆಟಕ್ಕೆ ಮಾತ್ರ ಅನ್ನುವುದು ತಪ್ಪು. ನಾನು ಈ ಕೆಲಸದಲ್ಲೇ ಇರುವವನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಓಡೂ ಬೆಲ್ಜಿಯಂನದು. 2005ರಲ್ಲಿ ಟೈನಿ ಇಆರ್‌ಪಿ (ಇಆರ್‌ಪಿ ಅಂದರೆ ಖರೀದಿ, ಸ್ಟಾಕ್, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಸಾಫ್ಟ್‌ವೇರ್) ಅಂತ ಹುಟ್ಟಿತು, ಆಮೇಲೆ ಓಪನ್ ಇಆರ್‌ಪಿ ಆಯಿತು, 2014ರಲ್ಲಿ ಓಡೂ ಅಂತ ಹೆಸರಿಟ್ಟರು. ಕಮ್ಯೂನಿಟಿ, ಎಂಟರ್‌ಪ್ರೈಸ್ ಅಂತ ಎರಡಾಗಿದ್ದು 2015ರಲ್ಲಿ, 9ನೇ ಆವೃತ್ತಿಯಿಂದ. ಖರೀದಿ, ಮಾರಾಟ, ಸ್ಟಾಕ್, ಲಾಟ್ ನಂಬರ್, ತಯಾರಿಕೆ, ಅಂಗಡಿ ಬಿಲ್ಲಿಂಗ್, ಇಷ್ಟೂ ಕಮ್ಯೂನಿಟಿಯಲ್ಲೇ ಇವೆ. ನಿಮ್ಮ ಗೋದಾಮಿನ ತೊಂದರೆಗೆ ಬೇಕಾದ್ದು ಇವೇ ಅಲ್ವಾ?

ಇಲ್ಲದೇ ಇರುವುದು ಪೂರ್ತಿ ಅಕೌಂಟಿಂಗ್. ಕಮ್ಯೂನಿಟಿಯಲ್ಲಿ ಬಿಲ್ ಮಾಡಬಹುದು, ಹಣ ಬಂದಿದ್ದು ಬರೆಯಬಹುದು. ಆದರೆ ಬ್ಯಾಲೆನ್ಸ್ ಶೀಟ್, ಲಾಭ-ನಷ್ಟದ ವರದಿ, ಬ್ಯಾಂಕ್ ತಾಳೆ ನೋಡುವ ಪರದೆ, ಜಿಎಸ್‌ಟಿ ರಿಟರ್ನ್ ವರದಿ ಇವೆಲ್ಲ ಎಂಟರ್‌ಪ್ರೈಸ್ ಕಡೆ. ಗೋದಾಮಿನಲ್ಲಿ ಸ್ಕ್ಯಾನರ್ ಹಿಡಿದು ಓಡಾಡುವ ಬಾರ್‌ಕೋಡ್ ಆ್ಯಪ್ ಕೂಡ ಅಲ್ಲೇ. ಕೋಡ್ ಬರೆಯದೆ ಫಾರ್ಮ್ ತಿದ್ದುವ ಸ್ಟುಡಿಯೋ ಕೂಡ ಅಲ್ಲೇ.

ಇನ್ನೊಂದು. ದುಡ್ಡು ಕೊಡಬೇಕಾದ್ದು ಒಳಗೆ ಕೂತು ಕೆಲಸ ಮಾಡುವವರ ಲೆಕ್ಕಕ್ಕೆ ಮಾತ್ರ. ತಮ್ಮ ಬಿಲ್ ನೋಡಲು ಪೋರ್ಟಲ್‌ಗೆ ಬರುವ ಗಿರಾಕಿಗಳಿಗೆ ಲೈಸೆನ್ಸ್ ಬೇಡ. ನಿಮ್ಮಲ್ಲಿ 5 ಜನ ಕೂರುವುದಾದರೆ 8 ಯಾಕೆ ಬಂತು ಅಂತ ಮೊದಲು ಕೇಳಿ.

ಮಂಡಿಮನೆ

ಓ, ಇದು ಗೊತ್ತೇ ಇರಲಿಲ್ಲ. ಹಮಾಲರ ಮುಖ್ಯಸ್ಥ, ಲಾರಿಯವರು ಎಲ್ಲರನ್ನೂ ಸೇರಿಸಿ 8 ಹಾಕಿದ್ದಾರೆ ಅನಿಸುತ್ತದೆ. ನಾಳೆಯೇ ಕೇಳುತ್ತೇನೆ.

ಬೈತಖೋಲ_ಐಸ್ (ಕಾರವಾರ)

ಅಣ್ಣಾ, ನಾನು ನೇರವಾಗಿ ಹೇಳುತ್ತೇನೆ. ಉಚಿತ ಅಂತ ಹೋಗಬೇಡಿ. ನಾವು ಹೋಗಿ ಅನುಭವಿಸಿದ್ದೇವೆ.

ನಮ್ಮದು ಮೀನು ಮತ್ತು ಐಸ್ ವ್ಯಾಪಾರ. ಮೂರು ವರ್ಷದ ಹಿಂದೆ ಪರಿಚಯದ ಹುಡುಗನೊಬ್ಬ ಉಚಿತ ಆವೃತ್ತಿ ಹಾಕಿಕೊಟ್ಟ. ಒಳ್ಳೆಯ ಹುಡುಗ, ಕೆಲಸವೂ ಚೆನ್ನಾಗಿ ಮಾಡಿದ್ದ. ಬೋಟಿನವರ ಬಾಕಿ, ಐಸ್ ಬ್ಲಾಕ್ ಲೆಕ್ಕ, ಬಂಗಡೆ ಬುಟ್ಟಿ ಲೆಕ್ಕ ಎಲ್ಲ ಅದರಲ್ಲೇ ಇತ್ತು. ಆಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೋದ. ಜೂನ್‌ನಲ್ಲಿ ಒಂದು ರಾತ್ರಿ ಸಿಡಿಲು ಬಡಿದು ಮೀಟರ್ ಬೋರ್ಡ್ ಜೊತೆ ಕಂಪ್ಯೂಟರ್ ಕೂಡ ಸುಟ್ಟಿತು. ಬ್ಯಾಕಪ್ ಎಲ್ಲಿದೆ ಅಂತ ಅವನಿಗೆ ಫೋನ್ ಮಾಡಿದೆ. "ಅದೇ ಕಂಪ್ಯೂಟರಿನ ಇನ್ನೊಂದು ಫೋಲ್ಡರ್‌ನಲ್ಲಿದೆ ಅಣ್ಣ" ಅಂದ.

ನಾಲ್ಕು ತಿಂಗಳ ಲೆಕ್ಕ ಹೋಯಿತು. ಮೀನುಗಾರಿಕೆ ಬಂದ್ ಇದ್ದ ಎರಡು ತಿಂಗಳೂ ನಾನು ಮತ್ತು ನನ್ನ ಹೆಂಡತಿ ಚೀಟಿಗಳನ್ನು ನೆಲದ ಮೇಲೆ ಹರಡಿಕೊಂಡು ಮತ್ತೆ ಬರೆದೆವು. ಒದ್ದೆಯಾದ ಚೀಟಿಗಳನ್ನು ಫ್ಯಾನ್ ಕೆಳಗೆ ಒಣಗಿಸಿದೆವು. ಕೆಲವರ ಬಾಕಿ ಎಷ್ಟು ಅಂತ ಅವರನ್ನೇ ಕೇಳಿ ಬರೆದುಕೊಂಡೆವು. ಎಲ್ಲರೂ ಪ್ರಾಮಾಣಿಕವಾಗಿ ಹೇಳಿದರು, ಅದನ್ನು ಇವತ್ತಿಗೂ ಮರೆತಿಲ್ಲ.

ಈಗ ಎಂಟರ್‌ಪ್ರೈಸ್‌ನಲ್ಲಿದ್ದೇವೆ, ಅವರದೇ ಸರ್ವರ್‌ನಲ್ಲಿ. ನೆಮ್ಮದಿ ಇದೆ.

ಮುಕ್ತ_ಹಾದಿ (ಸಿದ್ದಾಪುರ)

ಓದಿ ಬೇಜಾರಾಯಿತು. ಆದರೆ ಸುಟ್ಟಿದ್ದು ಉಚಿತ ಆವೃತ್ತಿಯಿಂದಲ್ಲ, ಬ್ಯಾಕಪ್ ಇಲ್ಲದ್ದರಿಂದ. ಅದೇ ಕಂಪ್ಯೂಟರ್‌ನಲ್ಲಿ ಎಂಟರ್‌ಪ್ರೈಸ್ ಹಾಕಿದ್ದರೂ ಹಾಗೇ ಆಗುತ್ತಿತ್ತು. ಉಚಿತ ಆವೃತ್ತಿಯನ್ನು ಬಾಡಿಗೆ ಸರ್ವರ್‌ನಲ್ಲೂ ಇಡಬಹುದು. ಅದಕ್ಕೆ ಸರ್ವರ್ ಬಾಡಿಗೆ ಮಾತ್ರ, ಜನರ ಲೆಕ್ಕದಲ್ಲಿ ದುಡ್ಡಿಲ್ಲ.

ಬೈತಖೋಲ_ಐಸ್

ಸರಿ ಅಣ್ಣಾ, ಒಪ್ಪುತ್ತೇನೆ. ಆದರೆ ಬ್ಯಾಕಪ್ ಸರಿ ಇದೆಯಾ ಅಂತ ನೋಡುವವರು ಯಾರು? ನನಗೆ ಆ ವಿದ್ಯೆ ಬರುವುದಿಲ್ಲ. ನಾನು ಕೊಡುವ ದುಡ್ಡು ಆ ನೋಡುವವರಿಗೆ.

ಕುಮಟಾ_ಗೇರು

ಇದೇ ಸರಿಯಾದ ಪ್ರಶ್ನೆ. ಯಾವ ಆವೃತ್ತಿ ಅನ್ನುವುದಕ್ಕಿಂತ ಯಾರು ನೋಡಿಕೊಳ್ಳುತ್ತಾರೆ ಅನ್ನುವುದೇ ಮುಖ್ಯ.

ನಮ್ಮದು ಸಣ್ಣ ಗೇರುಬೀಜ ಕಾರ್ಖಾನೆ, ಕುಮಟಾ ಹತ್ತಿರ. ನಾನೇ ಲೆಕ್ಕ ನೋಡುವವಳು. ಕಮ್ಯೂನಿಟಿಯಲ್ಲಿ ನಾಲ್ಕು ವರ್ಷ ಆಯಿತು. ಗೇರುಬೀಜ ಒಡೆದರೆ ಇಡೀ ತಿರುಳು, ಸೀಳು, ಚೂರು, ಸಿಪ್ಪೆ ಅಂತ ಬೇರೆ ಬೇರೆ ಬರುತ್ತದೆ, ನಿಮ್ಮ ಚಾಲಿ-ಕೋಕಾ ತರಹವೇ. ಓಡೂದಲ್ಲಿ ಅದನ್ನು ಉಪ ಉತ್ಪನ್ನ ಅಂತ ಹಾಕಬಹುದು. ಒಟ್ಟು ಖರ್ಚಿನಲ್ಲಿ ಯಾವುದಕ್ಕೆ ಶೇಕಡಾ ಎಷ್ಟು ಅಂತಲೂ ಅಲ್ಲೇ ಬರೆಯಬಹುದು. ಇದಕ್ಕೆ ಎಂಟರ್‌ಪ್ರೈಸ್ ಬೇಡ.

ಬ್ಯಾಕಪ್ ನಾನೇ ಮಾಡುತ್ತೇನೆ. ಸಂಜೆ ಶಟರ್ ಎಳೆಯುವ ಮೊದಲು ಡೇಟಾಬೇಸ್ ಪುಟಕ್ಕೆ ಹೋಗಿ ಬ್ಯಾಕಪ್ ಒತ್ತುತ್ತೇನೆ, ಜಿಪ್ ಫೈಲ್ ಇಳಿಯುತ್ತದೆ. ಒಂದು ಪ್ರತಿ ಪೆನ್‌ಡ್ರೈವ್‌ಗೆ, ಒಂದು ಗೂಗಲ್ ಡ್ರೈವ್‌ಗೆ. ಪೆನ್‌ಡ್ರೈವ್ ನನ್ನ ಪರ್ಸ್‌ನಲ್ಲೇ ಮನೆಗೆ ಬರುತ್ತದೆ. ತಿಂಗಳ ಮೊದಲ ಭಾನುವಾರ ಆ ಫೈಲನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದು ಹಿಂದಿನ ದಿನದ ಕೊನೆಯ ಬಿಲ್ ನಂಬರ್ ಇದೆಯಾ ಅಂತ ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಲೆಕ್ಕದ_ಅಕ್ಕ (ಹೊನ್ನಾವರ)

ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುವವಳಾಗಿ ಒಂದು ಮಾತು. ಟ್ಯಾಲಿ ಬಿಡಬೇಡಿ, ಕನಿಷ್ಠ ಈ ವರ್ಷ. ಸ್ಟಾಕ್ ಓಡೂದಲ್ಲಿ ಇರಲಿ, ಲೆಕ್ಕ ಟ್ಯಾಲಿಯಲ್ಲಿ ಇರಲಿ. ನಿಮ್ಮ ಆಡಿಟರ್‌ಗೆ ಗೊತ್ತಿರುವುದು ಟ್ಯಾಲಿ. ಮಾರ್ಚ್ ಮುಗಿದ ಮೇಲೆ ಅವರು ಕೇಳುವುದೂ ಅದನ್ನೇ.

ಕುಮಟಾ ಅಕ್ಕಾ, ಒಂದು ಕೇಳಬೇಕಿತ್ತು. ರೈತರಿಂದ ಕೊಂಡ ಸಿಪ್ಪೆ ಸಮೇತದ ಗೇರುಬೀಜಕ್ಕೆ ರಿವರ್ಸ್ ಚಾರ್ಜ್ ಬರುತ್ತದಲ್ಲ, ಕೊಂಡವರೇ ಜಿಎಸ್‌ಟಿ ಕಟ್ಟಬೇಕು, ಸ್ವಂತ ಇನ್‌ವಾಯ್ಸ್ ಕೂಡ ಮಾಡಿಕೊಳ್ಳಬೇಕು. ಅದನ್ನು ಕಮ್ಯೂನಿಟಿಯಲ್ಲಿ ಹೇಗೆ ಮಾಡುತ್ತೀರಿ?

ಕುಮಟಾ_ಗೇರು

ಭಾರತದ ತೆರಿಗೆ ಪಟ್ಟಿ ಕಮ್ಯೂನಿಟಿಯಲ್ಲೂ ಸಿಗುತ್ತದೆ, ರಿವರ್ಸ್ ಚಾರ್ಜ್ ತೆರಿಗೆ ಆರಿಸಿ ಖರೀದಿ ಬಿಲ್ ಹಾಕುತ್ತೇನೆ. ಸ್ವಂತ ಇನ್‌ವಾಯ್ಸ್ ನಮೂನೆಯನ್ನು ಒಬ್ಬರ ಹತ್ತಿರ ದುಡ್ಡು ಕೊಟ್ಟು ಮಾಡಿಸಿದೆ. ರಿಟರ್ನ್ ಮಾತ್ರ ಎಕ್ಸೆಲ್‌ಗೆ ಇಳಿಸಿ ಆಡಿಟರ್‌ಗೆ ಕಳಿಸುತ್ತೇನೆ. ತಿಂಗಳಿಗೆ ಅರ್ಧ ದಿನ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ.

ಕೋಡ್_ಯಲ್ಲಾಪುರ

ಲೆಕ್ಕದ ಅಕ್ಕ ಹೇಳಿದ್ದನ್ನು ಪೂರ್ತಿ ಒಪ್ಪಲಾರೆ. ಎರಡು ಕಡೆ ಇಟ್ಟರೆ ಎರಡು ಸಲ ಟೈಪ್ ಮಾಡಬೇಕು. ಎರಡು ಸಲ ಟೈಪ್ ಮಾಡಿದ ಕಡೆ ಎರಡು ಉತ್ತರ ಬರುತ್ತದೆ. ಒಸಿಎ ಅಂತ ಒಂದು ಸಮುದಾಯ ಸಂಸ್ಥೆ ಇದೆ, ಓಡೂಗೆ ಉಚಿತ ಮಾಡ್ಯೂಲ್‌ಗಳನ್ನು, ಅಂದರೆ ಜೋಡಿಸಿಕೊಳ್ಳುವ ಹೆಚ್ಚುವರಿ ಭಾಗಗಳನ್ನು ಬರೆಯುತ್ತಾರೆ. ಟ್ರಯಲ್ ಬ್ಯಾಲೆನ್ಸ್, ಜನರಲ್ ಲೆಡ್ಜರ್, ಬ್ಯಾಂಕ್ ತಾಳೆ ಎಲ್ಲದಕ್ಕೂ ಅವರ ಮಾಡ್ಯೂಲ್ ಇವೆ. ಅವನ್ನು ಹಾಕಿದರೆ ಕಮ್ಯೂನಿಟಿಯಲ್ಲೇ ಲೆಕ್ಕ ನಡೆಸಬಹುದು.

ಲೆಕ್ಕದ_ಅಕ್ಕ

ನಡೆಸಬಹುದು ತಮ್ಮಾ, ನೀನಿದ್ದರೆ. ಹೊಸ ಆವೃತ್ತಿ ಬಂದಾಗ ಆ ಮಾಡ್ಯೂಲ್‌ಗಳನ್ನು ಸರಿ ಮಾಡುವವರು ಶಿರಸಿಯಲ್ಲಿ ಎಷ್ಟು ಜನ ಇದ್ದಾರೆ?

ಎರಡು ಸಲ ಟೈಪ್ ಮಾಡುವುದೂ ಬೇಡ. ದಿನದ ಕೊನೆಗೆ ಒಟ್ಟು ಖರೀದಿ, ಒಟ್ಟು ಮಾರಾಟ ಎಕ್ಸೆಲ್‌ನಲ್ಲಿ ತೆಗೆದು ಟ್ಯಾಲಿಗೆ ಹಾಕಿದರೆ ಆಯಿತು. ನಮ್ಮ ಇಬ್ಬರು ಕಕ್ಷಿದಾರರು ಹೀಗೇ ಮಾಡುತ್ತಾರೆ.

ಕೋಡ್_ಯಲ್ಲಾಪುರ

ಆವೃತ್ತಿ ವಿಷಯ ನಿಜ, ಅದನ್ನು ಹೇಳಲೇಬೇಕು. ಓಡೂ ವರ್ಷಕ್ಕೊಂದು ದೊಡ್ಡ ಆವೃತ್ತಿ ಬಿಡುತ್ತದೆ, ಒಂದೊಂದಕ್ಕೆ ಮೂರು ವರ್ಷ ಬೆಂಬಲ. ಎಂಟರ್‌ಪ್ರೈಸ್‌ನವರಿಗೆ ಹಳೆಯದರಿಂದ ಹೊಸದಕ್ಕೆ ಡೇಟಾ ದಾಟಿಸಿ ಕೊಡುವ ಸೇವೆ ಚಂದಾದಲ್ಲೇ ಸೇರಿದೆ. ಕಮ್ಯೂನಿಟಿಯವರಿಗೆ ಒಸಿಎಯ ಓಪನ್ ಅಪ್‌ಗ್ರೇಡ್ ಇದೆ, ಆದರೆ ಒಂದೊಂದೇ ಮೆಟ್ಟಿಲು ಹತ್ತಬೇಕು. 14ರಿಂದ 17ಕ್ಕೆ ಹೋಗಬೇಕೆಂದರೆ 15, 16 ದಾಟಿಯೇ ಹೋಗಬೇಕು. ಕೆಲಸ ಗೊತ್ತಿದ್ದವರಿಗೂ ಕೆಲವು ದಿನ ಹಿಡಿಯುತ್ತದೆ. ಎಂಟರ್‌ಪ್ರೈಸ್‌ಗೆ ದುಡ್ಡು ಕೊಡಲು ನನಗೆ ಕಾಣುವ ಅತಿ ಗಟ್ಟಿ ಕಾರಣ ಇದು.

ಮುಕ್ತ_ಹಾದಿ

ಎಲ್ಲರೂ ಓಡೂ ಓಡೂ ಅಂತ ಯಾಕೆ? ಇಆರ್‌ಪಿ ನೆಕ್ಸ್ಟ್ ನೋಡಿ. ನಮ್ಮ ದೇಶದ್ದೇ, ಮುಂಬೈನ ಫ್ರಾಪೆಯವರದು. ಅದರಲ್ಲಿ ಉಚಿತಕ್ಕೊಂದು, ದುಡ್ಡಿಗೊಂದು ಅಂತ ಎರಡು ಆವೃತ್ತಿ ಇಲ್ಲ. ಇರುವುದು ಒಂದೇ, ಪೂರ್ತಿ ಮುಕ್ತ (ಕೋಡ್ ಯಾರು ಬೇಕಾದರೂ ನೋಡಿ ತಿದ್ದಿಕೊಳ್ಳಬಹುದು), ಜಿಪಿಎಲ್ 3 ಪರವಾನಗಿ. ಬ್ಯಾಲೆನ್ಸ್ ಶೀಟ್, ಬ್ಯಾಂಕ್ ತಾಳೆ ಎಲ್ಲ ಒಳಗೇ ಇದೆ. ಜಿಎಸ್‌ಟಿಗೆ ಇಂಡಿಯಾ ಕಂಪ್ಲಯನ್ಸ್ ಅಂತ ಇನ್ನೊಂದು ಮುಕ್ತ ಆ್ಯಪ್ ಹಾಕಿಕೊಂಡರೆ ಮಾರಾಟದ ಜಿಎಸ್‌ಟಿಆರ್-1 ವರದಿ, ಸರಕು ಸಾಗಣೆಯ ಇ-ವೇ ಬಿಲ್ ಬರುತ್ತದೆ. ಸರ್ಕಾರದ ಪೋರ್ಟಲ್‌ಗೆ ನೇರವಾಗಿ ಕಳಿಸಬೇಕೆಂದರೆ ಮಾತ್ರ ಕ್ರೆಡಿಟ್ ಕೊಳ್ಳಬೇಕು. ದುಡ್ಡು ಕೊಟ್ಟು ಅವರ ಕ್ಲೌಡ್‌ನಲ್ಲೂ ಇಡಬಹುದು, ಅಲ್ಲಿ ತಲೆ ಎಣಿಸಿ ದುಡ್ಡು ತೆಗೆದುಕೊಳ್ಳುವುದಿಲ್ಲ.

ನನ್ನ ಮಾತು ಇಷ್ಟು. ಇವತ್ತು 5 ಜನ ಇದ್ದೀರಿ. ನಾಳೆ ಉಪ್ಪಿನಕಾಯಿ ಕೆಲಸ ಬೆಳೆದು 15 ಜನ ಆದರೆ? ಒಬ್ಬರನ್ನು ಕೆಲಸಕ್ಕೆ ಸೇರಿಸಿದಾಗಲೆಲ್ಲ ಲೈಸೆನ್ಸ್ ಖರ್ಚು ಯೋಚಿಸುವ ಸ್ಥಿತಿ ಬರಬಾರದು. ಹಾಗಾದಾಗ ಇಬ್ಬರಿಗೆ ಒಂದೇ ಪಾಸ್‌ವರ್ಡ್ ಕೊಡುತ್ತಾರೆ, ನಾನೇ ನೋಡಿದ್ದೇನೆ. ಆಮೇಲೆ ಯಾರು ಏನು ತಿದ್ದಿದರು ಅಂತ ಗೊತ್ತಾಗುವುದಿಲ್ಲ.

ಅಂಕೋಲಾ_ಇಶಾಡ

ಪಾಸ್‌ವರ್ಡ್ ವಿಷಯ ನೂರಕ್ಕೆ ನೂರು ಸತ್ಯ.

ಮಂಡಿಮನೆ

ಇಆರ್‌ಪಿ ನೆಕ್ಸ್ಟ್‌ನಲ್ಲಿ ಒಂದು ಲಾಟ್ ಮೂರಾಗುವುದು ಹೇಗೆ?

ಮುಕ್ತ_ಹಾದಿ

ಸ್ಟಾಕ್ ಎಂಟ್ರಿಯಲ್ಲಿ ರೀಪ್ಯಾಕ್ ಅಂತ ಒಂದು ಬಗೆ ಇದೆ. ಒಳಗೆ ಹೋಗಿದ್ದು 10 ಕ್ವಿಂಟಲ್, ಹೊರಗೆ ಬಂದಿದ್ದು ಚಾಲಿ ಇಷ್ಟು, ಬಿಳಿಗೋಟು ಇಷ್ಟು, ಕೋಕಾ ಇಷ್ಟು ಅಂತ ಸಾಲು ಸಾಲಾಗಿ ಬರೆದರಾಯಿತು. ಬ್ಯಾಚ್ ನಂಬರ್ ಕೊಟ್ಟರೆ ಯಾವ ರೈತರ ಲಾಟ್ ಅಂತ ಹಿಂದಕ್ಕೆ ಹುಡುಕಬಹುದು. ಯಾವುದಕ್ಕೆ ಎಷ್ಟು ದರ ಅನ್ನುವುದನ್ನು ಮಾತ್ರ ಕೂತು ಸರಿಯಾಗಿ ಹಂಚಬೇಕು, ಅದನ್ನು ನಿಮ್ಮ ತಮ್ಮನೇ ಹೇಳಬೇಕು.

ಇನ್ನೊಂದು ಗುಣ ನನಗೆ ತುಂಬಾ ಇಷ್ಟ. ಒಂದು ಬಿಲ್ ಸಬ್ಮಿಟ್ ಮಾಡಿದ ಮೇಲೆ ಅದನ್ನು ಸುಮ್ನೆ ತಿದ್ದಲು ಬಿಡುವುದಿಲ್ಲ. ರದ್ದು ಮಾಡಿ, ತಿದ್ದಿದ ಹೊಸ ಪ್ರತಿ ಮಾಡಬೇಕು. ನಂಬರ್ ಕೊನೆಗೆ -1 ಅಂತ ಬರುತ್ತದೆ. ಹಳೆಯದೂ ಉಳಿಯುತ್ತದೆ.

ಲೆಕ್ಕದ_ಅಕ್ಕ

ಹೀಗೆ ತಿದ್ದಿದ ಗುರುತು ಉಳಿಯುವುದು ಕಂಪನಿಗಳಿಗೆ 2023 ಏಪ್ರಿಲ್ 1ರಿಂದ ಕಡ್ಡಾಯ. ಮಂಡಿಮನೆಯವರದು ಪಾಲುದಾರಿಕೆ ಆಗಿದ್ದರೆ ಆ ನಿಯಮ ಅನ್ವಯಿಸುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಮಾಡುವ ಯೋಚನೆ ಇದ್ದರೆ ಈಗಲೇ ನೋಡಿಕೊಳ್ಳಿ. ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವುದು) ಕೂಡ ಹಾಗೇ, 2023 ಆಗಸ್ಟ್‌ನಿಂದ 5 ಕೋಟಿ ದಾಟಿದವರಿಗೆ ಬೇಕೇಬೇಕು. ಅಡಿಕೆ ದರ ಏರಿದ ವರ್ಷ ನೀವು ಹೆಚ್ಚು ಚೀಲ ಮಾರದೆಯೂ 5 ಕೋಟಿ ದಾಟಬಹುದು, ಗಮನ ಇರಲಿ.

ಮಂಡಿಮನೆ

ಇದನ್ನು ಯಾರೂ ಹೇಳಿರಲಿಲ್ಲ ಅಕ್ಕಾ. ಪಾಲುದಾರಿಕೆಯೇ. ಬರೆದುಕೊಂಡೆ.

ಅಘನಾಶಿನಿ_ದಂಡೆ

ಮಳೆಗಾಲದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಜುಲೈನಲ್ಲಿ ನಮ್ಮ ಕಡೆ ಮರ ಬಿದ್ದರೆ ಎರಡು ದಿನ ಇಂಟರ್ನೆಟ್ ಇಲ್ಲ. ಎಲ್ಲ ಬೇರೆಯವರ ಸರ್ವರ್‌ನಲ್ಲಿದ್ದರೆ ಬಿಲ್ ಹೇಗೆ ಮಾಡುವುದು?

ಬೈತಖೋಲ_ಐಸ್

ನಮಗೆ ಮೊಬೈಲ್ ಹಾಟ್‌ಸ್ಪಾಟ್ ಸಾಕಾಗುತ್ತದೆ. ಕಾರವಾರದಲ್ಲಿ ಸಿಗ್ನಲ್ ಪರವಾಗಿಲ್ಲ.

ಅಘನಾಶಿನಿ_ದಂಡೆ

ಘಟ್ಟದ ಒಳಗೆ ಬಂದು ನೋಡಿ ಅಣ್ಣಾ. ದೇವಿಮನೆ ಘಟ್ಟ ಹತ್ತಿದರೆ ಫೋನ್ ಸುಮ್ಮನಾಗುತ್ತದೆ.

ಅಂಕೋಲಾ_ಇಶಾಡ

ಮಳೆಗಾಲದ ಮಾತು ಬಂದಾಗ ಶಿರೂರು ನೆನಪಾಗುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ನಮ್ಮ ಎರಡು ಲೋಡ್ ದಾರಿಯಲ್ಲೇ ನಿಂತಿತ್ತು. ಆ ಚಾಲಕರು ಜೀವಸಹಿತ ಮನೆಗೆ ಬಂದರಲ್ಲ ಅನ್ನುವುದೊಂದೇ ಸಮಾಧಾನ. ಅದಾದ ಮೇಲೆ ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೇ ಸೇತುವೆಯೂ ಬಿತ್ತು. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಯಾವುದಕ್ಕೂ ಎರಡನೇ ದಾರಿ ಇಟ್ಟುಕೊಂಡೇ ಇರಬೇಕು.

ಕುಮಟಾ_ಗೇರು

ನಿಜ ಅಣ್ಣಾ. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಇಂಟರ್ನೆಟ್ ಪ್ರಶ್ನೆಗೆ ಹೇಳುವುದಾದರೆ, ನಮ್ಮ ಸರ್ವರ್ ಕಾರ್ಖಾನೆಯ ಒಳಗೇ ಇದೆ. ಒಂದು ಹಳೇ ಕಂಪ್ಯೂಟರ್, ಯುಪಿಎಸ್ ಮೇಲೆ. ಇಂಟರ್ನೆಟ್ ಹೋದರೂ ವೈಫೈ ರೌಟರ್ ನಡೆಯುತ್ತದೆ, ಒಳಗಿನವರ ಕೆಲಸ ನಿಲ್ಲುವುದಿಲ್ಲ. ಯುಪಿಎಸ್ ಮಾತ್ರ ಒಳ್ಳೆಯದು ಬೇಕು. ಕರೆಂಟ್ ಹೋದಾಗ ತಾನೇ ಸರಿಯಾಗಿ ಬಂದ್ ಆಗುವಂತೆ ಕೇಬಲ್ ಹಾಕಿ ಹೊಂದಿಸಿದ್ದೇವೆ.

ಮಂಡಿಮನೆ

ಇನ್ನೊಂದು ಸಣ್ಣ ಪ್ರಶ್ನೆ. ರೈತರಿಗೆ ಪಟ್ಟಿ ಕನ್ನಡದಲ್ಲೇ ಕೊಡಬೇಕು. ಅಪ್ಪನ ಕಾಲದಿಂದ ಹಾಗೇ ಕೊಟ್ಟಿದ್ದೇವೆ. ತೂಕ, ದರ, ಹಮಾಲಿ, ಮುಂಗಡ ಕಳೆದದ್ದು, ಉಳಿದದ್ದು. ಇಂಗ್ಲಿಷ್ ಪಟ್ಟಿ ಕೊಟ್ಟರೆ ಅರ್ಧ ಜನ ಓದದೇ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಅನುಮಾನ ಉಳಿಯುತ್ತದೆ. ಹುಬ್ಬಳ್ಳಿಯವರು ತೋರಿಸಿದ ಡೆಮೋದಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಬರೀ ಚೌಕ ಚೌಕ ಬಂತು. ಎಂಟರ್‌ಪ್ರೈಸ್‌ನಲ್ಲಿ ಸರಿ ಬರುತ್ತದೆ ಅಂದರು.

ಕೋಡ್_ಯಲ್ಲಾಪುರ

ಇಲ್ಲ ಇಲ್ಲ. ಇದಕ್ಕೂ ಲೈಸೆನ್ಸ್‌ಗೂ ಸಂಬಂಧವೇ ಇಲ್ಲ. ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಪಿಡಿಎಫ್‌ನಲ್ಲಿ ಚೌಕ ಬರುತ್ತದೆ. ನೋಟೋ ಸ್ಯಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಹಾಕಿ, ಸರ್ವಿಸ್ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸರಿಯಾಗುತ್ತದೆ. ಎರಡೂ ಉಚಿತ. ಹತ್ತು ನಿಮಿಷದ ಕೆಲಸ. ಆದ ಮೇಲೆ ಒತ್ತಕ್ಷರ ಇರುವ ಹೆಸರುಗಳನ್ನು ಹಾಕಿ ನೋಡಿ. "ಕೃಷ್ಣ", "ಲಕ್ಷ್ಮೀ" ಸರಿ ಬಂದರೆ ಉಳಿದದ್ದೂ ಬರುತ್ತದೆ.

ಲೆಕ್ಕದ_ಅಕ್ಕ

ಪಟ್ಟಿ ಕನ್ನಡದಲ್ಲೇ ಕೊಡುತ್ತೇವೆ ಅಂದಿರಲ್ಲ, ಅದು ಬಹಳ ಒಳ್ಳೆಯದು. ಬಿಡಬೇಡಿ.

ಅಂಕೋಲಾ_ಇಶಾಡ

ವಿಷಯ ಬಿಟ್ಟು ಕೇಳುತ್ತೇನೆ, ಅಪ್ಪೆಮಿಡಿ ಈ ಸಲ ಹೇಗಿದೆ? ನಮ್ಮ ಕಡೆ ಇಶಾಡ ಮಾವಿಗೆ ಹೂವು ಬಂದು ಉದುರಿತು.

ಮಂಡಿಮನೆ

ಮಿಡಿ ಕಡಿಮೆ, ಆದರೆ ಸೊನೆ ಚೆನ್ನಾಗಿದೆ. ಪರಿಮಳ ಕೋಣೆ ತುಂಬುತ್ತದೆ. ಉಪ್ಪಿನಲ್ಲಿ ಹಾಕಿಟ್ಟಿದ್ದೇವೆ. ಭರಣಿಗೂ ಲಾಟ್ ನಂಬರ್ ಹಾಕಬೇಕು ಅಂತ ಈಗ ಅನಿಸುತ್ತಿದೆ, ಯಾವ ಮರದ ಮಿಡಿ ಅಂತ ಗಿರಾಕಿಗಳು ಕೇಳುತ್ತಾರೆ.

ಕೋಡ್_ಯಲ್ಲಾಪುರ

ಒಂದು ಎಚ್ಚರಿಕೆ. ಓಡೂದಲ್ಲಿ ಕಮ್ಯೂನಿಟಿಯಿಂದ ಎಂಟರ್‌ಪ್ರೈಸ್‌ಗೆ ಹೋಗುವುದು ಸುಲಭ. ಅದೇ ಡೇಟಾಬೇಸ್ ಮೇಲೆ ಎಂಟರ್‌ಪ್ರೈಸ್ ಮಾಡ್ಯೂಲ್ ಹಾಕಿದರಾಯಿತು. ವಾಪಸ್ ಬರುವುದು ಕಷ್ಟ. ಹಾಗಾಗಿ ಅನುಮಾನ ಇದ್ದಾಗ ಉಚಿತದಿಂದ ಶುರು ಮಾಡುವುದೇ ಒಳ್ಳೆಯದು. ಆರು ತಿಂಗಳು ನಡೆಸಿದರೆ ಏನು ಸಾಲದು ಅಂತ ನಿಮಗೇ ಗೊತ್ತಾಗುತ್ತದೆ.

ಬೈತಖೋಲ_ಐಸ್

ಶುರು ಮಾಡಲಿ, ನಾನು ಬೇಡ ಅನ್ನುವುದಿಲ್ಲ. ಹಾಕಿಕೊಡುವವರ ಹತ್ತಿರ ಮೊದಲೇ ಬರೆಸಿಕೊಳ್ಳಿ: ಸರ್ವರ್ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು, ಡೊಮೇನ್ ನಿಮ್ಮ ಹೆಸರಲ್ಲಿರಬೇಕು, ಬರೆದ ಕೋಡ್ ನಿಮಗೆ ಕೊಡಬೇಕು. ನಾನು ಆ ಹುಡುಗನ ಹತ್ತಿರ ಇದೊಂದನ್ನೂ ಕೇಳಿರಲಿಲ್ಲ.

ಮಂಡಿಮನೆ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸಿ.

ಹುಬ್ಬಳ್ಳಿಯವರಿಗೆ ಫೋನ್ ಮಾಡಿದೆ. 8ರಿಂದ 5ಕ್ಕೆ ಇಳಿಸಿದರು. ಆದರೂ ಲೈಸೆನ್ಸ್‌ಗಿಂತ ಅಳವಡಿಕೆಯ ಖರ್ಚೇ ಜಾಸ್ತಿ ಇದೆ. ಅದು ಯಾವ ಆವೃತ್ತಿಗೂ ತಪ್ಪುವುದಿಲ್ಲ ಅಂತ ಈಗ ಗೊತ್ತಾಯಿತು.

ಈ ನಡುವೆ ತಂಗಿಯ ಮಗ ರಜೆಗೆ ಬಂದಿದ್ದ. ಹಳೇ ಕಂಪ್ಯೂಟರ್‌ನಲ್ಲಿ ಓಡೂ ಕಮ್ಯೂನಿಟಿ ಹಾಕಿದ. ಇಆರ್‌ಪಿ ನೆಕ್ಸ್ಟ್ ಕೂಡ ಇನ್ನೊಂದರಲ್ಲಿ ಹಾಕಿ ನೋಡಿದೆವು. ಹೋದ ವಾರದ 7 ಲಾಟ್‌ಗಳನ್ನು ಎರಡರಲ್ಲೂ ಹಾಕಿದೆವು. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನು ಹೇಳಿದಂತೆ ನಾನು ಟೈಪ್ ಮಾಡಿದೆ. ಮೂರನೇ ಲಾಟ್‌ಗೆ ಬಂದಾಗ ಅವನು ಸುಮ್ಮನಾದ. ಪರದೆಯಲ್ಲಿ ಇಳಿದ ತೂಕ ನೋಡಿ, "ಇದು ಜಾಸ್ತಿ ಆಯ್ತಲ್ಲ" ಅಂದ. ಎದ್ದು ಗೋದಾಮಿಗೆ ಹೋಗಿ ನೋಡಿದರೆ ಒಂದು ಚೀಲ ಬಿಳಿಗೋಟು ಬೇರೆ ಸಾಲಿಗೆ ಸೇರಿತ್ತು. ಅದು ಅವನ ತಲೆಯಲ್ಲೂ ಇರಲಿಲ್ಲ, ಎಕ್ಸೆಲ್‌ನಲ್ಲೂ ಇರಲಿಲ್ಲ.

ತಮ್ಮನಿಗೆ ಕೈಗೆ ಹತ್ತಿದ್ದು ಓಡೂ. ದಿನಾ ಕೂರುವವನು ಅವನು, ಹಾಗಾಗಿ ಅದೇ ಇರಲಿ ಅಂದುಕೊಂಡಿದ್ದೇವೆ. ಕಮ್ಯೂನಿಟಿ, ಸ್ಟಾಕ್ ಮತ್ತು ಪಟ್ಟಿಗೆ ಮಾತ್ರ. ಲೆಕ್ಕ ಈ ಮಾರ್ಚ್‌ವರೆಗೆ ಟ್ಯಾಲಿಯಲ್ಲೇ. ಉಳಿದ ಲೈಸೆನ್ಸ್ ದುಡ್ಡಿನಲ್ಲಿ ಒಳ್ಳೆಯ ಯುಪಿಎಸ್ ತಂದೆವು, ಹುಬ್ಬಳ್ಳಿಯವರಿಗೇ ತಿಂಗಳ ನಿಗಾ ಕೆಲಸ ಕೊಟ್ಟೆವು. ಬೈತಖೋಲದ ಅಣ್ಣ ಹೇಳಿದ ಮೂರೂ ಕರಾರನ್ನು ಬರೆಸಿಕೊಂಡಿದ್ದೇವೆ.

ಫಾಂಟ್ ಹಾಕಿದ ಮೇಲೆ ಕನ್ನಡ ಪಟ್ಟಿ ಚೆನ್ನಾಗಿ ಬಂತು. ಆದರೆ "ಕ್ವಿಂ." ಅಂತ ಬರೆದ ಕಡೆ ಸಾಲು ಮುರಿದು ಕೆಳಗೆ ಹೋಗುತ್ತಿದೆ.

ಕೋಡ್_ಯಲ್ಲಾಪುರ

ಆ ಕಾಲಂ ಅಗಲ ಕಡಿಮೆ ಇದೆ. ನಮೂನೆಯ ಫೈಲ್ ಕಳಿಸಿ, ಇವತ್ತು ರಾತ್ರಿ ಸರಿ ಮಾಡಿಕೊಡುತ್ತೇನೆ.

ಕುಮಟಾ_ಗೇರು

ಬ್ಯಾಕಪ್ ತೆರೆದು ನೋಡಿದಿರಾ?

ಮಂಡಿಮನೆ

ನೋಡಿದೆ ಅಕ್ಕಾ. ನಿನ್ನೆ ಭಾನುವಾರ, ಮನೆಯ ಲ್ಯಾಪ್‌ಟಾಪಿನಲ್ಲಿ. ಕೊನೆಯ ಪಟ್ಟಿಯ ನಂಬರ್ 31, ಶನಿವಾರ ಸಂಜೆಯದೇ.